ಕರಡಿಗುಂಡಿನ ಕೆರೆಗೆ ಬೇಲಿ

ಉಪ್ಪಾರಹಳ್ಳಿ, ತುಮಕೂರು
15 ಏಪ್ರಿಲ್ 2025

ಪ್ರೀತಿಯ ತಾರಿಖ್ ಭಾಯ್‌ಗೆ,

ತಂಗಿ ಅರ್ಶಿಯಾಳ ಸಲಾಂ. ಸೊಂಟನೋವು ಹೇಗಿದೆ? ಕುಣಿಗಲ್‌ನಲ್ಲಿ ಭಾಭಿಯ ತವರಿನಲ್ಲಿ ರೆಸ್ಟ್ ತೆಗೆದುಕೊಳ್ಳುತ್ತಿದ್ದೀಯ ಎಂದು ಕೇಳಿದೆ. ನಮ್ಮ ಬಾಡಿಗೆ ಅಂಗಡಿಯ ಶಾಮಿಯಾನದ ಕಂಬ ನೀನು ಹೊರಬೇಡ, ಆಳುಗಳಿಗೆ ಬಿಡು. ಅಮ್ಮಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿಚಪಲ ಮಾತ್ರ ಹತೋಟಿಯಲ್ಲಿಲ್ಲ. ನೀನು ಕಳಿಸಿದ ಮಾವಿನಹಣ್ಣನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟುಕೊಂಡು ತಿಂದಳು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜಿಗೆ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಮನೆಯೊಳಗೆ ಉರ್ದು, ಹೋರಾಟಕ್ಕೆ ಕನ್ನಡ ಎಂದು ಕಲಿಸಿದವನು ನೀನು. ಯಾಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂಬುದು ನಿನಗೆ ಅರ್ಥವಾಗುತ್ತದೆ.

ಉಝ್ಮಾಳ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಯಿತು. ಬೆಟ್ಟದ ಮೇಲೆ ಟೆಂಟಿನಲ್ಲಿ ಮಲಗಬೇಕು, ದೋಣಿ ಹತ್ತಬೇಕು ಎಂದು ಮಗಳ ಹಠ. ಎಲ್ಲೆಲ್ಲಿಗೋ ಯಾಕೆ, ಗುಬ್ಬಿ ಕಡೆ ನಮ್ಮ ಕರಡಿಗುಂಡಿನ ಕೆರೆ ಇದೆ, ನಿಮ್ಮ ಮಾಮು ಮತ್ತು ನಾನು ಕಲ್ಲು ಕ್ವಾರಿಯವರ ಬಾಯಿಂದ ಕಿತ್ತುಕೊಂಡ ಕೆರೆ, ಈಗ ಪಾರ್ಕ್ ಆಗಿದೆ ಎಂದು ಜಂಬದಿಂದ ಹೇಳಿದೆ. ಶನಿವಾರ ಅಮ್ಮ-ಮಗಳು ಹೊರಟೆವು. ಬೆಟ್ಟದ ಬುಡದ ಹಟ್ಟಿಯಲ್ಲಿ ಸಿದ್ದಲಕ್ಷ್ಮಮ್ಮನನ್ನು ಕಂಡೆವು. ಕ್ವಾರಿ ವಿರುದ್ಧದ ಧರಣಿಯಲ್ಲಿ ಮಳೆಗಾಲವಿಡೀ ನಮ್ಮ ಜೊತೆ ಕೂತು, ರಾಗಿ ಮುದ್ದೆ ಕಟ್ಟಿಕೊಟ್ಟ ಕೈ ಅದು. ಈಗ ಸೊರಗಿದ್ದಾರೆ. ಬೇಸಿಗೆಯಲ್ಲಿ ಹಟ್ಟಿಯ ಆಡುಗಳಿಗೆ ಆ ಕೆರೆ ಬಿಟ್ಟರೆ ನೀರಿಲ್ಲ ಎಂಬುದು ನಿನಗೆ ಗೊತ್ತು. ಅವರೂ ಆಡು ಹೊಡೆದುಕೊಂಡು ನಮ್ಮ ಜೊತೆ ಬೆಟ್ಟ ಹತ್ತಿದರು.

ಮೇಲೆ ಮುಳ್ಳುತಂತಿಯ ಬೇಲಿ, ಬಣ್ಣದ ಗೇಟು, ಟೋಪಿ ಹಾಕಿದ ಗಾರ್ಡ್. "ಮೇಡಂ, ನೀವ್ ಬನ್ನಿ. ಅಜ್ಜಿ, ನೀನು ಆ ಕಡೆ ಹೋಗು, ಟಿಕೆಟ್ ಇಲ್ದೆ ಬುಡಲ್ಲ." ಸಿದ್ದಲಕ್ಷ್ಮಮ್ಮ ನಿಂತಲ್ಲೇ ಕೇಳಿದರು: "ಟಿಕೆಟ್ಟು ಯಾಕ್ಲಾ? ನನ್ ಆಡು ಬೋಟಿಂಗ್ ಮಾಡಕ್ಕೆ ಬಂದಿಲ್ಲ ಕಣಪ್ಪ, ನೀರು ಕುಡಿಯಕ್ಕೆ ಬಂದವೆ." ಗಾರ್ಡ್ ನಕ್ಕ, ಬಿಡಲಿಲ್ಲ. ನಾನು ಕೂಗಾಡಿದೆ. ಅವರೇ ನನ್ನ ಭುಜ ತಟ್ಟಿ, "ನೀ ಹೋಗವ್ವ, ಮಗು ಆಸೆಪಟ್ಟೈತೆ" ಎಂದು ಆಡು ತಿರುಗಿಸಿಕೊಂಡು ಇಳಿದರು. ಯಾವನೋ ಬೆಂಗಳೂರಿನ ದುಡ್ಡಿನವನ ಕೆಲಸ ಇದು, ನಿನಗೆ ತಿಳಿಸಿ ಸೋಮವಾರವೇ ನಮ್ಮ ಹೋರಾಟ ಸಮಿತಿಯ ಸಭೆ ಕರೆಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಒಳಗೆ ಹೋದೆ. ನೋಡು ಎಂಥ ಪೆದ್ದಿ ನಾನು.

ಊಟದ ಜಾಗಕ್ಕೆ ಶಾಮಿಯಾನ ಕಟ್ಟಿದ್ದರು. ಮದುವೆ ಸೀಸನ್ನಿನಲ್ಲಿ ಬೇರೆ ಅಂಗಡಿಗಳ ಬಟ್ಟೆಯ ಜೊತೆ ಬೆರೆತುಹೋಗಬಾರದೆಂದು ಅಮ್ಮಿ ನಮ್ಮ ಪ್ರತಿ ಶಾಮಿಯಾನದ ಮೂಲೆಗೂ ಹಸಿರು ದಾರದಲ್ಲಿ ಅಡ್ಡಹೊಲಿಗೆ ಹಾಕುತ್ತಾಳಲ್ಲ, ಆ ಹೊಲಿಗೆ ನನ್ನ ತಲೆಯ ಮೇಲಿತ್ತು. ಪಕ್ಕದಲ್ಲಿ ನೀಲಿ ತೇಪೆ. ಧರಣಿಯ ಒಲೆಯ ಕಿಡಿ ತಾಗಿ ತೂತಾದಾಗ ಸಿದ್ದಲಕ್ಷ್ಮಮ್ಮ ತಮ್ಮ ಸೀರೆ ಹರಿದು ಹಚ್ಚಿದ ತೇಪೆ. ಬಾಡಿಗೆಗೆ ಕೊಟ್ಟಿರಬೇಕು ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ಸಂಜೆ ಬೆಂಕಿ ಹಾಕಿ, ಎಲ್ಲರನ್ನೂ ಸುತ್ತ ಕೂರಿಸಿ, ಮ್ಯಾನೇಜರ್ ಕಥೆ ಶುರುಮಾಡಿದ. "ನಮ್ಮ ಓನರ್ ತಾರಿಖ್ ಸರ್ ಲಾಠಿ ಏಟು ತಿಂದು ಈ ಕೆರೆ ಉಳಿಸಿದೋರು. ಹೋರಾಟದ ಕೆರೆ ಸರ್ ಇದು." ಜನ ಚಪ್ಪಾಳೆ ಹೊಡೆದರು. ಉಝ್ಮಾ ನನ್ನ ಮುಖ ನೋಡಿದಳು. ಅವಳಿಗೆ ಏನು ಹೇಳಲಿ ಭಾಯ್? ಆ ಲಾಠಿ ಏಟು ಬಿದ್ದದ್ದು ನಿನ್ನೊಬ್ಬನ ಬೆನ್ನಿಗಲ್ಲ. ಸಿದ್ದಲಕ್ಷ್ಮಮ್ಮನ ಎಡಗೈ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ.

ಪಾರ್ಕ್ ಕೇಳಿದ್ದು ನಾವೇ, ಒಪ್ಪುತ್ತೇನೆ. ಆಡು ಹೋಗುವ ದಾರಿಯನ್ನೂ ಅರ್ಜಿಯಲ್ಲಿ ಬರೀರಿ ಎಂದು ಹಟ್ಟಿಯವರು ಹೇಳಿದಾಗ, "ಆಡು ಅಂದ್ರೆ ಆಫೀಸರು ನಗ್ತಾರೆ, ಪಾರ್ಕ್ ಅಂದ್ರೆ ಸೈನ್ ಹಾಕ್ತಾರೆ. ಆಮೇಲೆ ದಾರಿ ನಾನು ಕೊಡಿಸ್ತೀನಿ" ಎಂದದ್ದು ನೀನು. ಆ ಮಾತು ನಂಬಿ ಹಟ್ಟಿ ಸುಮ್ಮನಾಯಿತು. ಕ್ವಾರಿಯವನು ನಮ್ಮೆದುರಿಗೆ ನಿಂತು ಕೆರೆ ಕೇಳಿದ. ನೀನು ನಮ್ಮ ಪಕ್ಕದಲ್ಲಿ ಕೂತು, ನಮ್ಮದೇ ಮುದ್ದೆ ತಿಂದು, ಪಾರ್ಕಿನ ಗುತ್ತಿಗೆಯ ಹೆಸರಲ್ಲಿ ಅದನ್ನು ತೆಗೆದುಕೊಂಡೆ. ಶತ್ರುವಿನ ಮೇಲೆ ಘೋಷಣೆ ಕೂಗಲು ನನಗೆ ಬರುತ್ತದೆ. ಅಣ್ಣನ ಮೇಲೆ ಯಾವ ಘೋಷಣೆ ಕೂಗುವುದು, ಅದನ್ನು ನೀನು ಕಲಿಸಲಿಲ್ಲ.

ವ್ಯಾಪಾರ ಮಾಡಬೇಡ ಎನ್ನುವುದಿಲ್ಲ. ಟೆಂಟು ಹಾಕು, ದೋಣಿ ಬಿಡು, ನಿನ್ನ ಮಕ್ಕಳೂ ಉಣ್ಣಲಿ. ಆದರೆ ಹಟ್ಟಿಯ ದಾರಿ ಬಿಡು. ದಯೆ ತೋರು ಎಂದು ಕೇಳುತ್ತಿಲ್ಲ, ಅದು ಅವರದು.

ಭಾಭಿಗೆ ಸಲಾಂ ಹೇಳು, ಉಮೇರ್‌ಗೆ ಅತ್ತೆಯ ಮುತ್ತು ಕೊಡು. ಅಲ್ಲಾಹ್ ನಿನ್ನ ಸೊಂಟಕ್ಕೂ ನಿನ್ನ ನಿಯತ್ತಿಗೂ ಶಕ್ತಿ ಕೊಡಲಿ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಅರ್ಶಿಯಾ

ತಾ.ಕ.: ಅಂಚೆಗೆ ಹಾಕುವ ಮೊದಲು ಅಮ್ಮಿ ಪೂರ್ತಿ ಓದಿಸಿಕೊಂಡಳು. ಸಮಿತಿಯ ತೀರ್ಮಾನವನ್ನೂ ಅವಳಿಗೆ ಹೇಳಿದೆ: ಭಾನುವಾರದೊಳಗೆ ದಾರಿ ತೆರೆಯದಿದ್ದರೆ ಸೋಮವಾರ ಬೆಳಿಗ್ಗೆ ಹಟ್ಟಿಯವರು, ಸಮಿತಿಯವರು ಸೇರಿ ಬೇಲಿ ಕೀಳುತ್ತೇವೆ. ತಾನೂ ಬರುತ್ತೇನೆ ಎಂದಳು. ನೀನು ಬರಬೇಡ ಅಮ್ಮಿ, ಪೊಲೀಸರು ಇರುತ್ತಾರೆ ಎಂದೆ. "ಇರ್ಲಿ ಬಿಡು" ಎಂದಳು. "ಮೊದಲನೇ ಗೂಟ ನಾನೇ ಕೀಳ್ತೀನಿ. ಅದನ್ನ ಹೊಡೆದವ್ನು ನನ್ ಮಗ."