ಮಕ್ಕಳ ನಿದ್ದೆಯ ಮೇಲೆ ಸಹಿ ಹಾಕಿದವರಿಗೆ

ಬೆಳಗಿನ ವಿಶೇಷ ತರಗತಿಗೆ ಆದೇಶ ಕೊಟ್ಟ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಆದೇಶ ನನ್ನ ಮಗಳ ನಿದ್ದೆಯನ್ನು ಕಿತ್ತುಕೊಂಡಿತು. ಈಗ ಹಾಜರಿ ಸಾಲದೆಂದು ಅವಳ ಹನ್ನೆರಡನೇ ತರಗತಿಯ ಪರೀಕ್ಷೆಯನ್ನೂ ಕಿತ್ತುಕೊಳ್ಳಲು ಹೊರಟಿದೆ. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಊಟಿಯ ಶಾಲೆಯಲ್ಲಿ ಏಳಕ್ಕೆ ತರಗತಿ ಎಂದು ಬರೆಯುವುದು ಸುಲಭ. ಅದಕ್ಕಾಗಿ ನಮ್ಮ ಇತ್ತಲಾರ್ ಹಳ್ಳಿಯ ಮಗು ಮಂಜಿನ ಕತ್ತಲಲ್ಲಿ, ಕಾಡೆಮ್ಮೆ ಎದುರಾಗದಿರಲೆಂದು ಟಾರ್ಚ್ ಬೀಸುತ್ತಾ ಬಸ್ಸಿಗೆ ನಡೆಯಬೇಕು. ತಮ್ಮ ಕಾರು ಆ ಹೊತ್ತಿಗೆ ಶೆಡ್ಡಿನಲ್ಲಿ ಬೆಚ್ಚಗೆ ಮಲಗಿರುತ್ತದೆ, ಅಲ್ಲವೇ?

ನಮ್ಮ ಹಟ್ಟಿಯಲ್ಲಿ ಮನೆಗಳು ಒಂದೇ ಸಾಲು, ಗೋಡೆಗೆ ಗೋಡೆ. ಯಾರ ಕಿಟಕಿಯಲ್ಲಿ ದೀಪವಿದೆ ಎಂಬುದು ಗುಟ್ಟಲ್ಲ. ನಮ್ಮ ಸಿಂಧುಜಾಳ ಕಿಟಕಿಯಲ್ಲಿ ಬೆಳಗಿನವರೆಗೂ ದೀಪ ಕಂಡು ಹಟ್ಟಿಗೆ ಹಟ್ಟಿಯೇ ಹಿಗ್ಗಿತು. ಪಕ್ಕದ ಮನೆಯ ತೇನ್ಮೊಳಿ ತನ್ನ ಮಗಳಿಗೆ, "ನೋಡು, ಆ ಹೆಣ್ಣು ಎಂತಾ ಓದ್ತಾಳೆ!" ಎಂದು ಬೈದು ಅಲ್ಲೂ ದೀಪ ಹಚ್ಚಿಸಿದಳು. ನನ್ನ ಮಗಳು ಓದುತ್ತಿರಲಿಲ್ಲ ಸ್ವಾಮಿ. ಬಸ್ಸು ತಪ್ಪೀತೆಂಬ ಭಯಕ್ಕೆ ನಿದ್ದೆ ಬಾರದೆ, ದೀಪ ಆರಿಸಿದರೆ ಹಟ್ಟಿ ಏನಂದೀತೋ ಎಂದು ತೆರೆದ ಪುಸ್ತಕದ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ತರಗತಿಯಲ್ಲಿ ತೂಕಡಿಸಿದ್ದಕ್ಕೆ ಹೊರಗೆ ಚಳಿಯಲ್ಲಿ ನಿಲ್ಲಿಸಿದರು. ಊಟ ಬಿಟ್ಟಳು, ಗೆಳತಿಯರ ಜೊತೆ ಮಾತು ಬಿಟ್ಟಳು. ಒಂದು ಬೆಳಗ್ಗೆ ಎಬ್ಬಿಸಲು ಹೋದರೆ ಗೋಡೆ ಕಡೆ ತಿರುಗಿಕೊಂಡೇ ಹೇಳಿದಳು: "ಎಬ್ಬುಸಬೇಡ ಅವ್ವೆ. ಇನ್ನು ಯಾವಾಗಲೂ ಎಬ್ಬುಸಬೇಡ."

ಅದೇ ದಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಕೊಟ್ಟರು, ಈ ವಯಸ್ಸಿಗೆ ನಿದ್ದೆಯೂ ಊಟದಷ್ಟೇ ಮುಖ್ಯ ಎಂದರು. ಆ ಚೀಟಿ ಶಾಲೆಗೆ ಕೊಟ್ಟರೆ ಮುಖ್ಯೋಪಾಧ್ಯಾಯರು, "ಎಲ್ಲಾ ಮಕ್ಕಳೂ ಬರ್ತಾರಲ್ಲಮ್ಮ" ಎಂದರು. ನಿಮ್ಮ ಕಚೇರಿ ಮಾತ್ರ ಕೈಕಟ್ಟಿ ಕೂರಲಿಲ್ಲ. ನಿದ್ದೆಯ ಮಹತ್ವ ತಿಳಿಸಲು ಮಕ್ಕಳಿಗೆ ಅರಿವು ಶಿಬಿರ ಏರ್ಪಡಿಸಿತು. ಎಷ್ಟು ಹೊತ್ತಿಗೆ? ಬೆಳಿಗ್ಗೆ ಆರಕ್ಕೆ! ವಿಶೇಷ ತರಗತಿ ತಪ್ಪಬಾರದಲ್ಲ. ಈ ಕಾಳಜಿಗೆ ಯಾವ ಬಾಯಿಂದ ಕೃತಜ್ಞತೆ ಹೇಳಲಿ?

ನನಗೆ ಬೇಕಾದದ್ದು ಶಿಬಿರವಲ್ಲ. ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಡಾಕ್ಟರ ಮಾತನ್ನು ಒಪ್ಪಿ ನನ್ನ ಮಗಳನ್ನು ಪರೀಕ್ಷೆಗೆ ಕೂರಿಸಿ. ಮೊನ್ನೆ ಅವಳು ತಾನಾಗಿಯೇ ದೀಪ ಆರಿಸಿ ಮಲಗಿದಳು. "ಓದು ಬಿಟ್ಟಳೇ?" ಎಂದು ಹಟ್ಟಿ ಕೇಳುತ್ತಿದೆ. ಕೇಳಲಿ.

ಇಂತಿ,
ಬೆಳಗಾದರೆ ಮಗಳ ಬಾಗಿಲಲ್ಲಿ ನಿಂತು, ಉಸಿರಾಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಎಬ್ಬಿಸದೆ ಹಿಂದಿರುಗುವ ತಾಯಿ,
ಕಮಲಂ, ಇತ್ತಲಾರ್