ಗೋಡೆಯ ಮೇಲಿನ ಕೈ

ಮಾರ್ಚ್ ೧೭, ಭಾನುವಾರ ಸಂಜೆ

ನನ್ನ ಮುದ್ದಿನ ಕಡ್ಡಿಗೆ,

ಅಮ್ಮನ ಆಶೀರ್ವಾದಗಳು. ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಉತ್ತರ ತಡವಾಯಿತು. ಅಮ್ಮ ಮರೆತಳು ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಮರೆತಿಲ್ಲ ಕಣೋ. ಪೆನ್ನು ಹಿಡಿದಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಅಕ್ಕ ಚೆನ್ನಾಗಿದ್ದಾಳೆ. ಅವಳ ಮಗಳು ನಿನ್ನ ಹಳೆಯ ಸೈಕಲ್ ಹತ್ತಿ ಮೊಣಕಾಲು ತರಚಿಕೊಂಡಿದ್ದಾಳೆ. ಇಳಿಯೇ ಅಂದರೆ, "ಮಾಮನ ಸೈಕಲ್, ನಿನಗೇನು?" ಎಂದು ನನಗೇ ಜೋರು ಮಾಡುತ್ತಾಳೆ. ಮೇಲಿನ ಮನೆಯ ಟೈಲರ್ ನಿನ್ನನ್ನು ವಿಚಾರಿಸುತ್ತಿರುತ್ತಾನೆ. ಬೀದಿಯಲ್ಲಿ ವಿಚಾರಿಸುವವನು ಅವನೊಬ್ಬನೇ. ಉಳಿದವರಿಗೆ ನನ್ನನ್ನು ಕಂಡ ಕೂಡಲೇ ಎಲ್ಲಿಲ್ಲದ ಅವಸರ.

ಇನ್ನು ನೀನು ಕೇಳಿದ ವಿಷಯ. ಪತ್ರಿಕೆಯಲ್ಲಿ ಓದಿದ್ದು ನಿಜ. ನ್ಯಾಯಾಲಯದ ದೊಡ್ಡ ಹಾಲಿನಲ್ಲಿ, ನ್ಯಾಯಾಧೀಶರ ಕುರ್ಚಿಯ ಹಿಂದಿನ ಗೋಡೆಯ ಮೇಲೆ ನಾನು ಬರೆದ ದೇವರ ಚಿತ್ರವನ್ನು ಮುಚ್ಚಬೇಕೆಂದು ತೀರ್ಮಾನವಾಯಿತು. "ಎಲ್ಲರೂ ಬರೋ ಜಾಗದಲ್ಲಿ ಕೆಲವರ ದೇವರು ಯಾಕೆ? ಬೇರೆ ದೇವರನ್ನ ನಂಬೋನಿಗೆ, ದೇವರೇ ಬೇಡ ಅನ್ನೋನಿಗೆ, ಇಲ್ಲಿ ನ್ಯಾಯ ಸಿಗುತ್ತೆ ಅಂತ ಹೇಗೆ ಧೈರ್ಯ ಬರ್ಬೇಕು?" ಎಂದು ಒಬ್ಬ ವಕೀಲೆ ಕೇಳಿದರಂತೆ. ನನಗೆ ಮೈ ಉರಿಯಿತು. ಆಮೇಲೆ ಸುಮ್ಮನೆ ಕೂತು ಯೋಚಿಸಿದರೆ ಆಕೆಯ ಮಾತಿನಲ್ಲಿ ಹುರುಳಿದೆ ಅನಿಸಿತು, ಅದಕ್ಕೆ ಇನ್ನಷ್ಟು ಉರಿಯಿತು.

ಮೊದಲು ಮನೆಗಳಿಗೆ ಬಣ್ಣ ಬಳಿಯುವವರನ್ನು ಕರೆಸಿದ್ದರು. ಅವರು ತೆಳ್ಳಗೆ ಸುಣ್ಣ ಹೊಡೆದು ಹೋದರು. ಗೋಡೆಗೆ ತೇವ ಹತ್ತಿದ ಕೂಡಲೇ ದೇವರ ಮುಖ ಮತ್ತೆ ಮೂಡಿತು. ಜನ ಪವಾಡವೆಂದು ಕೈಮುಗಿದು ಸಾಲುಗಟ್ಟಿದರು. ಪವಾಡವೂ ಇಲ್ಲ, ಮಣ್ಣೂ ಇಲ್ಲ; ಸುಣ್ಣಕ್ಕೆ ನೀರು ಜಾಸ್ತಿಯಾಗಿ ಅದು ಗೋಡೆಯನ್ನು ಕಚ್ಚಿರಲಿಲ್ಲ. ಕೊನೆಗೆ ಅಲ್ಲಿನ ಗುಮಾಸ್ತರು ನಮ್ಮ ಮನೆಗೆ ಬಂದರು. ಹೊಸ್ತಿಲಾಚೆಯೇ ನಿಂತು, "ನಿಮ್ಮನ್ನ ಕೇಳೋಕೆ ನಾಲಿಗೆ ಏಳಲ್ಲ. ಆದ್ರೆ ಬರೆದವರಿಗೇ ಮುಚ್ಚೋದೂ ಗೊತ್ತು," ಎಂದರು. ಒಪ್ಪಿಕೊಂಡೆ. ಬೇರೆ ಯಾರೋ ಉಳಿ ಹಿಡಿದು ಕೆತ್ತಿ ತೆಗೆಯುವುದಕ್ಕಿಂತ ಅದೇ ವಾಸಿ.

ನೀನು ಬರೆದಿದ್ದೆ: "ಅಮ್ಮಾ, ಕೆಳಗೆ ಅಂಟು ಬಳಿದು ಮುಚ್ಚು. ಏನಿಲ್ಲದಿದ್ದರೂ ಆ ಕೈ ಉಳಿಸು. ನನ್ನದು ಅಂತ ಉಳಿದಿರುವ ಒಳ್ಳೆಯ ಕೈ ಅದೊಂದೇ." ಆ ಸಾಲನ್ನು ಎಷ್ಟು ಸಲ ಓದಿದೆನೋ. ನನ್ನ ಕಸುಬು ಇನ್ನೂ ಜ್ಞಾಪಕವಿದೆಯಲ್ಲ ನಿನಗೆ ಎಂದು ಸಂತೋಷವೂ ಆಯಿತು. ಚಿತ್ರದ ಮೇಲೆ ಮೊದಲು ಅಂಟು ಬಳಿದರೆ ಮೇಲಿನ ಸುಣ್ಣ ಎಂದಾದರೊಂದು ದಿನ ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ, ಚಿತ್ರ ಹಾಗೇ ಸಿಗುತ್ತದೆ. ಅಂಟಿಲ್ಲದಿದ್ದರೆ ಸುಣ್ಣ ಸುಣ್ಣವನ್ನೇ ಕಚ್ಚಿಕೊಳ್ಳುತ್ತದೆ. ಆಮೇಲೆ ಯಾರಪ್ಪನಿಂದಲೂ ಬಿಡಿಸಲಾಗದು.

ದೇವರ ಆ ಎತ್ತಿದ ಕೈ ನಿನ್ನದೇ ಅಲ್ಲವೇ. ಹಸಿ ಗಾರೆ ಆರುವುದರೊಳಗೆ ಅದನ್ನು ಬರೆದು ಮುಗಿಸಬೇಕಿತ್ತು. ನೀನಿನ್ನೂ ಚಿಕ್ಕವನು, ಬಲಗೈ ಎತ್ತಿಕೊಂಡು ಮೇಜಿನ ಮೇಲೆ ನಿಂತಿದ್ದೆ.

"ಅಮ್ಮಾ, ಇಳಿಸ್ಲಾ?"

"ಇನ್ನೊಂಚೂರು ಇರೋ."

"ದೇವರಿಗೆ ಕೈ ನೋಯಲ್ವಾ?"

"ನೋಯುತ್ತೆ. ಅವನಿಗೆ ಅಮ್ಮ ಇಲ್ಲ, ಯಾರ ಹತ್ರ ಹೇಳ್ಕೋತಾನೆ?"

ನೀನು ನಕ್ಕು ಅಲ್ಲಾಡಿದ್ದಕ್ಕೆ ಕಿರುಬೆರಳು ಸೊಟ್ಟಗಾಯಿತು. ತಿದ್ದೋಣವೆಂದರೆ ಅಷ್ಟರಲ್ಲಿ ಗಾರೆ ಆರಿತ್ತು. ಅದೇ ಹಾಲಿನಲ್ಲಿ ನಿನಗೆ ಶಿಕ್ಷೆ ಓದಿದ ದಿನ ನೀನು ನನ್ನ ಮುಖ ನೋಡಲಿಲ್ಲ. ಆ ಸೊಟ್ಟ ಬೆರಳನ್ನೇ ನೋಡುತ್ತ ನಿಂತಿದ್ದೆ ನೀನು.

ಕೆಲಸ ಮುಗಿದಿದೆ. ಮೊದಲು ಅವರು ಬಳಿದ ತೆಳು ಸುಣ್ಣವನ್ನು ಒರೆಸಿ ತೆಗೆದೆ. ಪಾದ, ಉಡುಗೆ, ಮುಖ, ಹಿಂದಿನ ಮೋಡಗಳು, ಎಲ್ಲಕ್ಕೂ ಅಂಟು ಬಳಿದೇ ಸುಣ್ಣ ಹಚ್ಚಿದೆ. ಗುಮಾಸ್ತರನ್ನು ಕೇಳಿಯೇ ಮಾಡಿದ್ದು. "ಕಣ್ಣಿಗೆ ಬೀಳದಿದ್ರೆ ಸಾಕು," ಎಂದರು. ಈಗ ಅಲ್ಲಿ ಬಿಳಿ ಗೋಡೆ. ಚೆನ್ನಾಗಿಯೇ ಬಂದಿದೆ, ಹಾಳಾದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಹೆಸರಿಗೆ ತಕ್ಕಂತೆ ಇನ್ನೂ ಕಡ್ಡಿಯಾಗಬೇಡ. ಯಾರು ಏನೇ ಅಂದರೂ ಸಹಿಸಿಕೋ. ನಿನಗೆ ಒಳ್ಳೆಯದಾಗಲಿ ಕಂದ, ಕಣ್ತುಂಬ ನಿದ್ದೆ ಬರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಕೈಯ ವಿಷಯ ಹೇಳದೆಯೇ ಕಾಗದ ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ.

ಕೈಯೊಂದೇ ಉಳಿದಿದ್ದ ದಿನ ಹಾಲಿಗೆ ಒಬ್ಬರು ಬಂದರು. ನಿನ್ನ ಏಟಿಗೆ ಬಿದ್ದು ಮತ್ತೆ ಏಳದ ಆ ಹುಡುಗನ ತಾಯಿ. ವಿಚಾರಣೆಯುದ್ದಕ್ಕೂ ಅವರು ಆಚೆ ಬೆಂಚಿನಲ್ಲಿ, ನಾನು ಈಚೆ ಬೆಂಚಿನಲ್ಲಿ ಕೂತಿದ್ದೆವೇ ಹೊರತು ಒಂದು ಮಾತಾಡಿದವರಲ್ಲ. ಬೈದು ಹಗುರಾಗಲಿ ಎಂದು ಕುಂಚ ಕೆಳಗಿಟ್ಟು ನಿಂತೆ. ಅವರು ಬೈಯಲಿಲ್ಲ. "ಇಲ್ಲಿಗೆ ಬಂದಷ್ಟು ದಿನವೂ ನಾನು ಯಾರ ಮುಖಾನೂ ನೋಡ್ಲಿಲ್ಲ ಕಣಮ್ಮ. ಈ ಕೈ ನೋಡ್ಕೊಂಡೇ ಜೀವ ಹಿಡ್ಕೊಂಡಿದ್ದೆ. ಮುಚ್ಚೋಕೆ ಮುಂಚೆ ಒಂದ್ಸಲ ಮುಟ್ಟಲಾ?" ಎಂದರು.

ನಾನೇ ತೋಳು ಹಿಡಿದು ಅಟ್ಟಣಿಗೆ ಹತ್ತಿಸಿದೆ. ಅವರು ಆ ಸೊಟ್ಟ ಬೆರಳಿಗೆ ಕಣ್ಣೊತ್ತಿಕೊಂಡು ಅತ್ತರು. "ಯಾರಿಗೂ ನೋವು ಮಾಡದ ಕೈ ಇದು," ಎಂದರು. ಕೆಳಗಿಳಿದ ಮೇಲೆ, "ಮತ್ತೆ ಯಾವತ್ತಾದ್ರೂ ಕಾಣ್ಸುತ್ತಾ?" ಎಂದು ಕೇಳಿದರು.

ನಾನು ಬಗ್ಗಿ ಸುಣ್ಣ ಕಲಕತೊಡಗಿದೆ. ಅದು ಯಾರ ಕೈ ಎಂದು ಹೇಳಿದ್ದರೆ ಅವರಿಗಿದ್ದ ಅದೊಂದನ್ನೂ ಕಿತ್ತುಕೊಂಡಂತೆ. ಹೇಳದೆ ಆ ಕೈಯನ್ನು ಉಳಿಸಿದರೆ, ಎಂದಾದರೂ ಒಂದು ದಿನ ಅವರು ಬಂದು ಮಗನನ್ನು ಹೊಡೆದ ಕೈಗೇ ಮತ್ತೆ ಕಣ್ಣೊತ್ತಿಕೊಳ್ಳುತ್ತಾರೆ. ಅದನ್ನು ಇನ್ನೊಮ್ಮೆ ನಾನು ನೋಡಲಾರೆ.

ಅವರು ಹೋದ ಮೇಲೆ ಕೈಗೆ ಅಂಟಿಲ್ಲದೆ ಸುಣ್ಣ ಬಳಿದೆ. ನೀನು ಕೇಳಿದ್ದು ಅದೊಂದನ್ನೇ, ಅದನ್ನೇ ನಾನು ನಡೆಸಿಕೊಡಲಿಲ್ಲ. ಸಿಟ್ಟು ಬಂದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ. ಇನ್ನು ನಿನಗಿರುವುದು ನಿನ್ನ ತೋಳಿನ ತುದಿಯಲ್ಲಿರುವ ಆ ಕೈಯೇ. ನೀನು ಹೊರಗೆ ಬರುವ ದಿನ ಅದನ್ನು ಹಿಡಿದು ಮನೆಗೆ ಕರೆದುಕೊಂಡು ಬರಲು ನಾನು ಬಾಗಿಲಲ್ಲಿ ನಿಂತಿರುತ್ತೇನೆ.