ಏಳನೇ ಬುಟ್ಟಿಯ ನೀಲಿ ಗೂಟ

ಜೂನ್ 5, ಗುರುವಾರ

ಏಲಕ್ಕಿ ಬನ್ ಎರಡು ಟ್ರೇ ಬೇಯಿಸಿ, ಎಸೆಯುವ ಪ್ಲಾಸ್ಟಿಕ್ ಡಿಸ್ಕ್‌ಗಳನ್ನು ಬಟ್ಟೆ ಬುಟ್ಟಿಗೆ ತುಂಬಿ, ಎಂಟಕ್ಕೆ ಡಿಸ್ಕ್ ಗಾಲ್ಫ್ ಮೈದಾನ. ಗುರುವಾರದವರು ಒಂಬತ್ತು ಜನ. ನಿಧಾನದ ಕೈಯವರು ಎಂದು ನಮಗೆ ನಾವೇ ಹೆಸರಿಟ್ಟುಕೊಂಡಿದ್ದೇವೆ. ನಮ್ಮಲ್ಲೊಬ್ಬಳು ಸಾಲ್ಮೆ, ಅವಳಿಗೆ ಎಪ್ಪತ್ತೆರಡು. ಸೊಂಟದ ಎರಡೂ ಕೀಲು ಹೊಸವು.

ಇವತ್ತು ಉರ್ಪೋ ಬಂದ. ನನ್ನ ಗಂಡ! ಮರ ಕಡಿಯುವಾಗ ಸ್ಪ್ರೂಸ್ ಭುಜದ ಮೇಲೆ ಬಿದ್ದು ಹದಿನಾಲ್ಕು ತಿಂಗಳು. ಆಸ್ಪತ್ರೆ, ಪ್ರಾರ್ಥನಾ ಮಂದಿರ ಬಿಟ್ಟರೆ ಬಾಗಿಲು ದಾಟಿರಲಿಲ್ಲ. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಕಾರಿನಿಂದ ಇಳಿಯುತ್ತಿರಲಿಲ್ಲ.

ದಾರಿಯಲ್ಲಿ ಅವನ ಅಣ್ಣ ತೈಸ್ತೋನ ಅಂಗಡಿ. ಮೊಳೆ, ಬಣ್ಣ, ಡಿಸ್ಕ್ ಎಲ್ಲ ಅಲ್ಲೇ. ಮೈದಾನದ ಸಮಿತಿಗೂ ಅವನೇ ಯಜಮಾನ. ಕೆಂಪು ಡಿಸ್ಕೊಂದನ್ನು ತಮ್ಮನ ಕೈಗಿಟ್ಟ. ಅದರ ಮೇಲೆ ಅಚ್ಚಾದ ವೇಗದ ಅಂಕಿ ಹದಿಮೂರು, ತೂಕ ನೂರ ಎಪ್ಪತ್ತೈದು ಗ್ರಾಂ.

"ಇದು ಗಂಡಸ್ರು ಎಸಿಯೋದು ಕಣೋ. ಆ ಬಟ್ಟೆ ಬುಟ್ಟಿಗೆ ಕೈ ಹಾಕ್ಬೇಡ."

ನಾನು ಪಕ್ಕದಲ್ಲೇ ನಿಂತಿದ್ದೆ. ಅವನ ಪಾಲಿಗೆ ನಾನೊಂದು ಕಂಬ.

ಮೈದಾನದಲ್ಲಿ ಡಿಸ್ಕ್ ಬೀಳಬೇಕಾದ ಕಬ್ಬಿಣದ ಬುಟ್ಟಿಗಳಲ್ಲಿ ಏಳನೆಯದು ಕೊಳದ ಆಚೆ ದಡದಲ್ಲಿದೆ. ನಾವು ಹತ್ತಿರದ ನೀಲಿ ಗೂಟದಿಂದ ಎಸೆಯುತ್ತೇವೆ, ಜೋರುಗೈಯವರು ಹಿಂದಿನ ಬಿಳಿ ಗೂಟದಿಂದ. ಉರ್ಪೋ ನೀಲಿಯಿಂದಲೇ ಎಸೆದ. ಕೆಂಪು ಡಿಸ್ಕ್ ಸ್ವಲ್ಪ ದೂರ ನೆಟ್ಟಗೆ ಹೋಗಿ, ಯಾರೋ ಕಿವಿ ಹಿಡಿದು ಎಳೆದ ಹಾಗೆ ಎಡಕ್ಕೆ ಬಾಗಿ, ನೀರಿಗೆ. ಕೋಲಿನಿಂದ ಎಳೆದು ಮತ್ತೆ ಎಸೆದ. ಮತ್ತೆ ನೀರಿಗೆ. ಮೂರನೆಯ ಸಲವೂ.

ಕಾರಿನಲ್ಲಿ ಹೋಗಿ ಕೂತ. ಮನೆಗೆ ಬರುವವರೆಗೆ ಒಂದೇ ಮಾತು. "ಇನ್ಮೇಲೆ ಬರಲ್ಲ."

ಜೂನ್ 6

ಹಿಟ್ಟು ತೂಗುವ ತಕ್ಕಡಿಯಲ್ಲಿ ಬುಟ್ಟಿಯ ಡಿಸ್ಕ್‌ಗಳನ್ನೆಲ್ಲ ತೂಗಿದೆ. ನಮ್ಮ ಮಕ್ಕಳು ಬಿಟ್ಟುಹೋದವೇ ಹೆಚ್ಚು. ಎಂಟು ಮಕ್ಕಳು, ಎಂಟು ರುಚಿ.

ನಾನು ಓದಿದ್ದು ಊರ ಶಾಲೆಯಲ್ಲಿ, ಈಗ ಅನ್ನ ಬೇಯಿಸುವುದೂ ಅಲ್ಲೇ. ಆದರೆ ಎಂಟು ವರ್ಷ ಎಸೆದು ಎಸೆದು ಇಷ್ಟು ಗೊತ್ತಾಗಿದೆ. ವೇಗದ ಡಿಸ್ಕಿಗೆ ವೇಗದ ಕೈಯೇ ಬೇಕು. ಅಷ್ಟು ರಭಸ ಸಿಗದಿದ್ದರೆ ಅದು ಹಾರುವುದೇ ಇಲ್ಲ, ಎಡಕ್ಕೆ ಸಾಯುತ್ತದೆ. ನಿಧಾನದ ಕೈಗೆ ನಿಧಾನದ ಡಿಸ್ಕ್ — ವೇಗ ಆರೋ ಏಳೋ, ತೇಲುವ ಅಂಕಿ ಐದು, ತಾನಾಗಿ ಬಲಕ್ಕೆ ತಿರುಗುವ ಗುಣ ಇರಬೇಕು, ಹಗುರ ಇರಬೇಕು. ಆಗ ಎಡಕ್ಕೆ ಬಾಗುವಷ್ಟರಲ್ಲಿ ದೂರ ಹೋಗಿರುತ್ತದೆ.

ಮನೆಯ ಹಿಂದಿನ ಹುಲ್ಲುಗಾವಲಲ್ಲಿ ನಾನೇ ಎಸೆದು ನೋಡಿದೆ. ನೀರಿನಿಂದ ಎತ್ತಿ ತಂದ ಕೆಂಪು, ಮೂವತ್ತೆಂಟು ಹೆಜ್ಜೆ. ಹಳದಿಯದು ನೂರ ಐವತ್ತೆರಡು ಗ್ರಾಂ, ವೇಗ ಆರು — ಐವತ್ತೊಂಬತ್ತು ಹೆಜ್ಜೆ. ಅದೇ ಕೈ, ಅದೇ ಗಾಳಿ.

ತೈಸ್ತೋಗೆ ಇದು ಗೊತ್ತಿಲ್ಲವೇ? ಹದಿನೈದು ವರ್ಷದಿಂದ ಮಾರುತ್ತಾನೆ. ಗೊತ್ತು. ಆದರೆ ತಮ್ಮ ನಿಧಾನದ ಕೈಯವನು ಎಂದು ಒಪ್ಪಲಾರ. ಅವರ ವಂಶದಲ್ಲಿ ಯಾರ ಕೈಯೂ ನಿಧಾನ ಅಲ್ಲವಂತೆ.

ಕರ್ತನೇ, ನನ್ನ ಬಾಯಿಗೆ ಬೀಗ ಹಾಕು. ಇವತ್ತಿನ ಮಟ್ಟಿಗೆ.

ಜೂನ್ 12

ಬೀಗ ನಿಲ್ಲಲಿಲ್ಲ.

ಮೊಳೆ ತರಲು ಅಂಗಡಿಗೆ ಹೋದೆ. ತೈಸ್ತೋ ಕೌಂಟರಿನ ಮೇಲಿಂದ ಕೈ ಚಾಚಿದ. "ದೇವರ ಕ್ಷೇಮ, ಹೆಲ್ಕಾ." ನಮ್ಮ ಸಭೆಯವರು ಎಲ್ಲಿ ಸಿಕ್ಕರೂ ಹೀಗೇ. ಕೈಗೆ ಕೈ ಕೊಟ್ಟು ಅದೇ ಮಾತು ತಿರುಗಿ ಹೇಳಬೇಕು. ಹುಟ್ಟಿದಾಗಿನಿಂದ ಹೇಳಿದ್ದೇನೆ.

ನಾನು ಕೈ ಜೇಬಿನಲ್ಲೇ ಇಟ್ಟುಕೊಂಡೆ. "ಹಲೋ" ಎಂದೆ.

ಪೋಸ್ಟಿನವನಿಗೆ, ಕರೆಂಟಿನ ಮೀಟರ್ ನೋಡುವವನಿಗೆ ಹೇಳುವ ಮಾತು. ಸಭೆಯ ಹೊರಗಿನವರಿಗೆ. ಬಣ್ಣದ ಡಬ್ಬಿ ಹಿಡಿದಿದ್ದ ಇಬ್ಬರು ತಿರುಗಿ ನೋಡಿದರು. ತೈಸ್ತೋನ ಕೈ ಗಾಳಿಯಲ್ಲೇ ಇತ್ತು.

"ಏನಂದೆ?"

"ಎರಡಿಂಚಿನ ಮೊಳೆ ಅಂದೆ. ಒಂದು ಡಬ್ಬಿ ಕೊಡಿ."

'ಕೊಡು' ಅನ್ನಲಿಲ್ಲ, 'ಕೊಡಿ' ಅಂದೆ. ಮೂವತ್ತು ವರ್ಷ ನೀನು ಅಂದ ಭಾವನಿಗೆ, ಪರರಿಗೆ ಅನ್ನುವ ಬಹುವಚನ. ಅದಕ್ಕೇ ಅವನ ಕಿವಿ ಕೆಂಪಾಯಿತು. ಮೊಳೆ ಕೊಟ್ಟ.

ಮನೆಗೆ ಬಂದು ಮಂಡಿಯೂರಿದೆ. ಪ್ರಾರ್ಥನೆ ಬರಲಿಲ್ಲ. ಅವನ ಕಿವಿ ಕಣ್ಣ ಮುಂದೆ ಬಂತು. ಹಿಗ್ಗಾಯಿತು… ಆಯಿತು, ಸುಳ್ಳು ಯಾಕೆ ಬರೆಯಲಿ.

ಜೂನ್ 15, ಭಾನುವಾರ

ಪ್ರಾರ್ಥನಾ ಮಂದಿರದ ಕಾಫಿ ಮೇಜು. ಸಾಲ್ಮೆ ಪಕ್ಕಕ್ಕೆ ಬಂದು ಕೂತಳು.

"ಭಾವನಿಗೆ ಹಲೋ ಅಂದ್ಯಂತೆ?"

"ಅಂದೆ."

"ಎಲ್ಲರೆದ್ರಿಗೇ?"

"ಇಬ್ರೆದ್ರಿಗೆ."

"ಈಗ ಇನ್ನೂರು ಜನರೆದ್ರಿಗೆ ಆಗಿದೆ ಬಿಡು." ಬನ್ ಮುರಿದು ಕಾಫಿಯಲ್ಲಿ ಅದ್ದಿದಳು. "ಹಲೋ ಅನ್ನಿಸ್ಕೊಂಡ್ಮೇಲೆ ಅವನು ಸಭೆ ಬಿಟ್ಟು ನರಕಕ್ಕೆ ಹೋದ್ನಾ ಅಂತ ಕೇಳ್ತಿದಾರೆ. ನಾನು ಇನ್ನೂ ಅಂಗಡೀಲೇ ಇದಾನೆ ಅಂದೆ."

ನಗಬಾರದಿತ್ತು. ನಕ್ಕೆ.

ಉರ್ಪೋ ಗಂಡಸರ ಮೇಜಿನಲ್ಲಿ ಬಲಗೈ ಮಡಿಲಲ್ಲಿಟ್ಟು, ಎಡಗೈಯಲ್ಲಿ ಕಪ್ ಹಿಡಿದು ಕೂತಿದ್ದ. ಅಣ್ಣನ ಎದುರಿಗೇ.

ಜೂನ್ 25

ಇವತ್ತು ಮಾಡಿದ್ದನ್ನು ಬರೆದಿಡುತ್ತೇನೆ.

ಹಳದಿ ಡಿಸ್ಕಿನ ಮೇಲೆ ಅಂಕಿಗಳು ಅಚ್ಚಾಗಿವೆ. ವೇಗ ಆರು ಎಂದು ಯಾರು ಬೇಕಾದರೂ ಓದಬಹುದು. ಉರ್ಪೋ ಓದಿದರೆ ಮುಟ್ಟುವುದಿಲ್ಲ. ಕಪ್ಪು ಮಾರ್ಕರ್ ತೆಗೆದುಕೊಂಡು ಅಂಕಿಗಳ ಮೇಲೇ ದಪ್ಪಗೆ ಅವನ ಹೆಸರು, ಫೋನ್ ನಂಬರ್ ಬರೆದೆ. ಕಳೆದರೆ ಸಿಗಲೆಂದು ಎಲ್ಲರೂ ಬರೆಯುತ್ತಾರೆ. ಅಂಕಿಗಳ ಮೇಲೆ ಬರೆಯುವುದಿಲ್ಲ, ಅಷ್ಟೆ. ಹಿಂಬದಿಯಲ್ಲಿದ್ದ ತೂಕವನ್ನು ಸ್ಪಿರಿಟ್ ಹಾಕಿ ಒರೆಸಿದೆ.

ಸುಳ್ಳು ಹೇಳಿಲ್ಲ. ಹೆಸರು ಬರೆದೆ.

(ಸುಳ್ಳೇ.)

"ಇದು ಎಂಥದು?" ಎಂದ ಉರ್ಪೋ, ಕೈಗೆ ಕೊಟ್ಟಾಗ.

"ಡಿಸ್ಕು. ಹುಲ್ಲುಗಾವಲಲ್ಲಿ ಎಸಿ. ಯಾರೂ ನೋಡಲ್ಲ, ಹಸುಗಳೂ ಇಲ್ಲ."

ಬೆರಳಿಂದ ಅಂಚನ್ನು ಎರಡು ಸಲ ಸವರಿದ. ಎಸೆದ. ಹಳದಿ ಎದ್ದು, ಸ್ವಲ್ಪ ಬಲಕ್ಕೆ ತೂಗಿ, ತೇಲಿ ತೇಲಿ, ಕೊನೆಯಲ್ಲಿ ಮೆಲ್ಲನೆ ಎಡಕ್ಕೆ ಬಂದು ಹುಲ್ಲಲ್ಲಿ ಕೂತಿತು. ಬೇಲಿ ಹತ್ತಿರ! ಉರ್ಪೋ ನಡೆದು ಹೋಗಿ ತಂದ. ಮತ್ತೆ ಎಸೆದ.

ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಜುಲೈ 24

ಮತ್ತೆ ಮೈದಾನಕ್ಕೆ ಬರತೊಡಗಿ ನಾಲ್ಕನೇ ಗುರುವಾರ. ಉರ್ಪೋ ತಪ್ಪಿಸಿಲ್ಲ. ಏಳನೇ ಬುಟ್ಟಿಗೆ ನೀಲಿ ಗೂಟದಿಂದ ಇನ್ನೂ ಕೊಳ ದಾಟಿಸಿಲ್ಲ. ಆಚೆ ದಡಕ್ಕೆ ಒಂದಾಳುದ್ದ ದೂರ ಇರುವಾಗ ನೀರಿಗೆ. ಇವತ್ತು ಡಿಸ್ಕ್ ಜೊಂಡಿನಲ್ಲಿ ಹೋಯಿತು, ಹುಡುಕಿದರೂ ಸಿಗಲಿಲ್ಲ. ಅದೇ ಅಚ್ಚಿನದು ಇನ್ನೊಂದಿತ್ತು, ಬಿಳಿಯದು. ಅದಕ್ಕೂ ಹೆಸರು ಬರೆದೆ.

"ದಾಟಿಸ್ತೀನಿ ಕಣೆ," ಎಂದ ಕಾರಿನಲ್ಲಿ. ಕೇಳದೇ ಕೊಟ್ಟ ಮಾತು. ಹದಿನೈದು ತಿಂಗಳಲ್ಲಿ ಇದೇ ಮೊದಲು.

ಆಗಸ್ಟ್ 14

ಮೈದಾನದ ಫಲಕದಲ್ಲಿ ಚೀಟಿ. ತಿಂಗಳ ಕೊನೆಗೆ ನೀಲಿ ಗೂಟಗಳನ್ನೆಲ್ಲ ಕೀಳುತ್ತಾರೆ. ಎಲ್ಲರೂ ಬಿಳಿಯಿಂದಲೇ. ಕಾರಣ — ನಿಧಾನ ಆಡುವವರಿಂದ ಹಿಂದಿನವರು ಕಾಯಬೇಕಾಗುತ್ತದೆ. ಸಹಿ ತೈಸ್ತೋ.

ಬಿಳಿ ಗೂಟದಿಂದ ಸಾಲ್ಮೆ ನೀರಿನ ಅರ್ಧಕ್ಕೂ ಮುಟ್ಟಿಸಲಾರಳು. ನಾನೂ. ಉರ್ಪೋ ಅಂತೂ ಇಲ್ಲ. ಎಂದರೆ ಗುರುವಾರ ಮುಗಿಯಿತು.

ನೇರ ಅಂಗಡಿಗೆ.

"ಹಲೋ. ಗುರುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಹಿಂದೆ ಕಾಯೋರು ಯಾರು ಸ್ವಾಮಿ? ಒಬ್ಬರ ಹೆಸ್ರು ಹೇಳಿ."

"ಸಮಿತಿ ತೀರ್ಮಾನ."

"ಸಮಿತಿ ಅಂದ್ರೆ ನೀವೇ."

"ಕೈಯಲ್ಲಿ ಕಸುವಿಲ್ದೋರು ಬೆರ್ರಿ ಹಣ್ಣು ಕೀಳೋಕೆ ಹೋಗಿ. ಕಾಡು ದೊಡ್ಡದಿದೆ."

"ನಿಮ್ಮ ತಮ್ಮನಿಗೂ ಅದೇ ಹೇಳ್ತೀರಾ?"

ಕೌಂಟರ್ ಒರೆಸುತ್ತಲೇ ಇದ್ದ. "ನನ್ನ ತಮ್ಮ ಬಿಳಿ ಗೂಟದಿಂದ ಕೊಳ ದಾಟಿಸ್ತಿದ್ದ. ನೀನು ಅವನನ್ನ ಮುದುಕಿ ಮಾಡಿಟ್ಟಿದೀಯ."

ಕೈಗೆ ಸುತ್ತಿಗೆ ಸಿಗುವಷ್ಟು ಹತ್ತಿರ ಇತ್ತು. ಇದನ್ನೂ ಬರೆದಿಡುತ್ತೇನೆ, ದೇವರಿಗೆ ಹೇಗೂ ಗೊತ್ತು.

ಆಗಸ್ಟ್ 24, ಭಾನುವಾರ

ಸಭೆ ಮುಗಿದು ಕಾಫಿ. ತೈಸ್ತೋ ಎದ್ದು ಬಂದು ನಮ್ಮ ಮೇಜಿನ ಮೇಲೆ ಹಳದಿ ಡಿಸ್ಕ್ ಇಟ್ಟ. ಜೊಂಡಿನಲ್ಲಿ ಹೋದದ್ದೇ. ಮೇಲೆ ಹೆಸರು, ಫೋನ್ ನಂಬರ್ ಇರಲಿಲ್ಲ. ಬಣ್ಣದ ಥಿನ್ನರ್ ಹಾಕಿ ಒರೆಸಿದ್ದ. ಅಂಕಿಗಳು ಫಳಫಳ.

"ಉರ್ಪೋ, ನಿಂದೇ ಅಲ್ವಾ? ಓದು. ವೇಗ ಆರು. ಇದನ್ನ ನಾನು ಹತ್ತು ವರ್ಷದ ಮಕ್ಕಳಿಗೆ ಮಾರ್ತೀನಿ. ನಿನ್ನ ಹೆಂಡ್ತಿ ಅದರ ಮೇಲೆ ಮಸಿ ಬಳಿದು ನಿನ್ನ ಕೈಗೆ ಕೊಟ್ಟಿದಾಳೆ." ನನ್ನ ಕಡೆ ತಿರುಗಿ, "ನನಗೆ ದೇವರ ಕ್ಷೇಮ ಹೇಳೋಕೆ ನಾಲಿಗೆ ಏಳಲ್ಲ, ಗಂಡನಿಗೆ ಮೋಸ ಮಾಡೋಕೆ ಮಾರ್ಕರ್ ಎದ್ದಿತು."

ಅವನು ಹೇಳಿದ್ದು ನಿಜ.

ಉರ್ಪೋ ಕಪ್ ಕೆಳಗಿಟ್ಟ. ಬಲಗೈ ಮೇಲೆ ತಂದು — ಮೆಲ್ಲಗೆ, ಹಾಗೇ ಬರುವುದು — ಡಿಸ್ಕಿನ ಅಂಚು ಸವರಿದ.

"ಮೊದಲ್ನೇ ದಿನಾನೇ ಗೊತ್ತಾಯ್ತು," ಎಂದ. "ಅಂಚು ಬೆರಳಗಲಾನೂ ಇಲ್ಲ. ನೀನು ಕೊಟ್ಟ ಕೆಂಪಿಗೆ ಎರಡು ಬೆರಳು. ಮೂವತ್ತು ವರ್ಷ ಗರಗಸ ಹಿಡಿದೋನಿಗೆ ಅಷ್ಟು ತಿಳಿಯಲ್ವಾ?"

"ಮತ್ತೆ ಯಾಕೆ ಎಸೆದೆ?" ಎಂದ ತೈಸ್ತೋ.

"ಹಾರ್ತು."

ಅಷ್ಟೇ. ಡಿಸ್ಕ್ ತೆಗೆದು ಕೋಟಿನೊಳಗೆ ಇಟ್ಟುಕೊಂಡ. ಸಾಲ್ಮೆ ಜೋರಾಗಿ ಕೆಮ್ಮಿದಳು.

ಕಾರಿನಲ್ಲಿ ಕ್ಷಮೆ ಕೇಳಿದೆ. ನಮ್ಮಲ್ಲಿ ಹೇಳುವ ಮಾತನ್ನೇ ಹೇಳಿದ, ಯೇಸುವಿನ ಹೆಸರಿನಲ್ಲಿ ಕ್ಷಮಿಸಲಾಗಿದೆ ಎಂದು. ಆಮೇಲೆ, "ನಿನ್ನ ಅಕ್ಷರ ಮಾತ್ರ ಕೆಟ್ಟದಾಗಿದೆ" ಎಂದ.

ತೈಸ್ತೋಗೆ ನನ್ನ ಕ್ಷಮೆ ಇಲ್ಲ. ಕೇಳಿಯೂ ಇಲ್ಲ ಅವನು.

ಆಗಸ್ಟ್ 28, ಗುರುವಾರ

ಹೋಗುವಷ್ಟರಲ್ಲಿ ಆರು ಗೂಟ ಕಿತ್ತಾಗಿತ್ತು. ಆರು ಗುಂಡಿ, ಪಕ್ಕದಲ್ಲಿ ಹಸಿ ಮಣ್ಣು. ಏಳರ ಹತ್ತಿರ ತೈಸ್ತೋ ಒಬ್ಬನೇ ಹಾರೆ ಹಿಡಿದು ನಿಂತಿದ್ದ.

"ಇಷ್ಟು ಹೊತ್ತಿಗೇ ಬಂದ್ರಾ?"

"ಗುರುವಾರ," ಎಂದಳು ಸಾಲ್ಮೆ. "ಗಂಟೆ ಎಂಟಾಯ್ತು. ಹಿಂದೆ ಯಾರೂ ಕಾಯ್ತಿಲ್ಲ, ನೋಡ್ಕೋ."

ಉರ್ಪೋ ಗೂಟದ ಪಕ್ಕ ಹೋಗಿ ನಿಂತ. ಅಣ್ಣ ಸರಿಯಲಿಲ್ಲ. ಇವನೂ. ಹಾರೆಯ ಹಿಡಿ ಇಬ್ಬರ ನಡುವೆ. ಕೊನೆಗೆ ತೈಸ್ತೋ ಅರ್ಧ ಹೆಜ್ಜೆ ಹಿಂದೆ ಇಟ್ಟ.

ಹಳದಿ. ಅಂಕಿ ಮೇಲಿತ್ತು, ಮಸಿ ಇಲ್ಲ. ಎಸೆದ. ಬಲಕ್ಕೆ ತೂಗಿತು. ನೀರಿನ ಮೇಲೆ ನಿಂತ ಹಾಗೆ ಕಂಡಿತು. ಆಚೆ ದಡದ ಬರ್ಚ್ ಮರಕ್ಕೆ ಬಡಿದು ಬಿತ್ತು. ಮಣ್ಣಿನ ಮೇಲೆ. ಒಣ ಮಣ್ಣಿನ ಮೇಲೆ!

"ಮರ ತಡೀತು," ಎಂದ ತೈಸ್ತೋ.

"ಹೌದು. ಈ ಸಲ ಮರ ನನ್ನ ಪರ," ಎಂದ ಉರ್ಪೋ. ತನ್ನ ಭುಜ ಮುಟ್ಟಿಕೊಂಡ. ಯಾರೂ ನಗಲಿಲ್ಲ.

ತೈಸ್ತೋ ತನ್ನ ಚೀಲದಿಂದ ಹದಿಮೂರರದು ತೆಗೆದು ಬಿಳಿ ಗೂಟಕ್ಕೆ ಹೋದ. ಅವನಿಗೆ ಅರವತ್ತೊಂದು. ಓಡಿ ಬಂದು, ನರಳಿ, ಎಸೆದ. ಎಡಕ್ಕೆ. ನೀರು. ಇನ್ನೊಂದು. ನೀರು. ಪಂದ್ಯ ಕಟ್ಟುವುದು ನಮ್ಮ ಸಭೆಯವರಿಗೆ ಸಲ್ಲದು, ಹಾಗಾಗಿ ನಾನು ಎಣಿಸಲಿಲ್ಲ. ನಾಲ್ಕು.

ಆಗ ತಿಳಿಯಿತು. ಅವನು ಇಲ್ಲಿ ಆಡಿದ್ದನ್ನು ಈ ಎರಡು ಬೇಸಿಗೆ ಯಾರೂ ನೋಡಿಲ್ಲ.

ಹಾರೆ ಅಲ್ಲೇ ಬಿಟ್ಟು ಹೋದ. ಏಳನೇ ಗೂಟ ನಿಂತಿದೆ.

ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಆಗಸ್ಟ್ 30, ಶನಿವಾರ, ಸಂಜೆ ಐದು

ಹಬೆಸ್ನಾನದ ಸೌನಾಕ್ಕೆ ಸೌದೆ ಹಾಕಿ ಬಂದೆ, ಉರ್ಪೋ ಒಳಗಿದ್ದಾನೆ. ಬಾಗಿಲು ತಟ್ಟಿದ ಸದ್ದು. ತೈಸ್ತೋ. ಟೋಪಿ ಕೈಯಲ್ಲಿ. ಮೆಟ್ಟಿಲ ಮೇಲೆ ನಿಂತು ಕೈ ಚಾಚಿದ.

"ದೇವರ ಕ್ಷೇಮ, ಹೆಲ್ಕಾ."

ನಾನು ಬಾಗಿಲ ಹಿಡಿ ಬಿಡಲಿಲ್ಲ.

"ಆ ಹಳದೀದು… ತೂಕ ಎಷ್ಟು?"

"ನಿಮ್ಮ ಅಂಗಡೀಲಿ ತಕ್ಕಡಿ ಇಲ್ವಾ?"

"ಅಂಗಡೀಲಿ ನಾನೇ ತಗೊಂಡ್ರೆ ಊರಿಗೆಲ್ಲ ಗೊತ್ತಾಗತ್ತೆ." ನೆಲ ನೋಡುತ್ತಿದ್ದ. "ಬುಟ್ಟೀಲಿ ಇನ್ನೊಂದು ಇದ್ರೆ… ಮೇಲೆ ಹೆಸ್ರು ಬರೆದು ಕೊಡ್ತೀಯಾ? ಅಂಕಿ ಕಾಣ್ದ ಹಾಗೆ?"

ನಾನು ಕಾಯಲು ಹೇಳಿ ಒಳಗೆ ಬಂದೆ. ಬುಟ್ಟಿಯಿಂದ ಬಿಳಿಯದನ್ನು ತೆಗೆದೆ, ಅದರ ಮೇಲಿನ ಉರ್ಪೋನ ಹೆಸರನ್ನು ಕಳೆದ ಭಾನುವಾರವೇ ಒರೆಸಿದ್ದೇನೆ. ನೂರ ಐವತ್ತು ಗ್ರಾಂ. ಮೇಜಿನ ಮೇಲೆ ಮಾರ್ಕರ್ ಇದೆ. ಮಾರ್ಕರ್ ಬಿಟ್ಟು ಈ ಪುಸ್ತಕ ತೆಗೆದು ಬರೆಯುತ್ತಾ ಕೂತಿದ್ದೇನೆ. ಕಿಟಕಿಯಿಂದ ಕಾಣುತ್ತಾನೆ. ಸೊಳ್ಳೆ ಹೊಡೆದುಕೊಳ್ಳುತ್ತಿದ್ದಾನೆ. ಕಚ್ಚಲಿ. ನಿಲ್ಲಲಿ, ಒಂದು ಪುಟದಷ್ಟು ಹೊತ್ತು.

ಮಸಿ ಬಳಿಯುವುದಿಲ್ಲ. ಅಂಕಿ ಕಾಣುವ ಹಾಗೇ ಕೊಡುತ್ತೇನೆ, ಗುರುವಾರ ಎಂಟಕ್ಕೆ ಬಂದು ಎಲ್ಲರೆದುರಿಗೆ ಎಸೆಯಲಿ. ಅದಕ್ಕೂ ಮೊದಲು ಆರು ಗುಂಡಿಗೆ ಆರು ಗೂಟ ವಾಪಸ್. ಇದನ್ನು ಹೇಳಿ, ಆಮೇಲೆ ಆ ಕೈ —

ಕಿಟಕಿ ತಟ್ಟುತ್ತಿದ್ದಾನೆ. "ಹೆಲ್ಕಾ, ಏನು ಬರೀತಿದೀಯ ಅಷ್ಟೊಂದು? ಬರೀ ಹೆಸರು ಸಾಕು."

ಎದ್ದೆ. ಈ ಸಲ ಹಲೋ ಅಲ್ಲ, ದೇವರ —